ಯಾರೂ ವಾಪಸ್ ಅನ್ನದ ಹಂಗಾಮು

ಹೋದ ವಾರ ಕೆಲಸದ ಮೇಲೆ ಮಾನ್ವಿಯ ಹತ್ತಿ ಖರೀದಿ ಕೇಂದ್ರಕ್ಕೆ ಹೋಗಿದ್ದೆ. ಹಿಂದಿನ ದಿನ ಅಕಾಲದ ಮಳೆ ಬಿದ್ದಿತ್ತು. ಮಲ್ಲಟದ ಕಡೆಯಿಂದ ಬಂದ ಟ್ರ್ಯಾಕ್ಟರಿನ ತಾಡಪತ್ರಿಯನ್ನು ಹಮಾಲರು ಎಳೆದು ತೆಗೆದಾಗ ಹಸಿ ಹತ್ತಿಯ ವಾಸನೆ ಒಮ್ಮೆಲೇ ಹೊರಬಂದಿತು. ಅದನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಅರಿಯದವರಿಗೆ ಹೇಳುವುದಾದರೆ, ಸರಿಯಾಗಿ ಒಣಗದ, ಹೊದೆಯುವ ಕೌದಿಯನ್ನೂ ಗಾಣದಿಂದ ಆಗತಾನೇ ತಂದ ಹಿಂಡಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ತೆರೆದಂತೆ. ಪರೀಕ್ಷಕನು ತೇವ ಅಳೆಯುವ ಯಂತ್ರದ ಮುಳ್ಳನ್ನು ಹತ್ತಿಯೊಳಗೆ ಚುಚ್ಚಿ ನೋಡಿ, ಪರದೆಯ ಮೇಲೆ ‘ವಾಪಸ್’ ಎಂಬ ಗುಂಡಿಯನ್ನು ಒತ್ತಿದನು. ಟ್ರ್ಯಾಕ್ಟರು ಬಂದ ದಾರಿಗೇ ಹೊರಳಿತು. ಯಾರೂ ಜಗಳವಾಡಲಿಲ್ಲ. ಸರ್ವರ್ ಆ ಗಾಡಿಯ ಲೆಕ್ಕ ಮುಗಿಸಿ ಮುಂದಿನದನ್ನು ಕರೆಯಿತು. ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ನಾನು ಹೋಗಿ ನೋಡಬೇಕಾಗಿದ್ದುದೂ ಅಷ್ಟನ್ನೇ. ಆದರೂ ರಾಯಚೂರಿಗೆ ಮರಳುವ ಬಸ್ಸಿನಲ್ಲಿ ಕುಳಿತಾಗ ನನಗೆ ಬಹಳ ದಣಿವೆನಿಸಿತು. ಅದು ಆ ದಿನದ ದಣಿವಲ್ಲ. ದೇವದುರ್ಗದ ಒಂದು ಹಂಗಾಮಿನದು. ಆಗ ಪೂರ್ತಿಯಾಗಿ ದಣಿಯಲು ಪುರಸೊತ್ತಿಲ್ಲದೆ ಉಳಿದುಹೋದದ್ದು.

ಆಗ ನಾನು ರಾಯಚೂರಿನ ಒಂದು ಹತ್ತಿ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ನಮ್ಮದು ಗಬ್ಬೂರಿನ ಕೂಲಿ ಕುಟುಂಬ. ವಂಶದಲ್ಲಿ ಪದವಿ ಪಡೆದವಳು ನಾನೇ ಮೊದಲು. ಯಾವುದೇ ಮಾತನ್ನು ಆಡುವ ಮುನ್ನ ಅದನ್ನು ಮನಸ್ಸಿನಲ್ಲಿ ಒಮ್ಮೆ ಆಡಿ ನೋಡಿಕೊಳ್ಳುವ ಅಭ್ಯಾಸ ನನಗಾಗ ಇತ್ತು, ಈಗಲೂ ಇದೆ. ಕಂಪನಿಗೆ ರಾಯಚೂರಿನಲ್ಲಿ ಮಿಲ್ಲು, ದೇವದುರ್ಗ ಮತ್ತು ಮಾನ್ವಿಯಲ್ಲಿ ಒಂದೊಂದು ಖರೀದಿ ಕೇಂದ್ರ. ಅಲ್ಲಿಯವರೆಗೆ ಮೂರೂ ಕಡೆ ಮೂರು ಬಗೆಯಲ್ಲಿ ನಡೆಯುತ್ತಿದ್ದ ವ್ಯವಹಾರವನ್ನು ಆ ವರ್ಷ ಒಂದೇ ಸರ್ವರ್ ತಂತ್ರಾಂಶದ ಅಡಿಯಲ್ಲಿ ತಂದಿದ್ದರು. ಗಾಡಿಯು ಗೇಟಿನೊಳಗೆ ಬಂದ ಕ್ಷಣದಿಂದ ತೂಕ, ತೇವದ ಪರೀಕ್ಷೆ, ನಿರ್ಧಾರ, ಇಳಿಸುವಿಕೆ, ಖಾಲಿ ಗಾಡಿಯ ತೂಕ, ಕೊನೆಗೆ ರೈತರ ಮೊಬೈಲಿಗೆ ಸಂದೇಶ, ಹೀಗೆ ಹಂತಗಳನ್ನು ಒಂದರ ಹಿಂದೆ ಒಂದರಂತೆ ನಡೆಸುವುದು ಅದರ ಕೆಲಸ. ಒಂದು ಮುಗಿಯದೆ ಇನ್ನೊಂದು ತೆರೆಯದು. ಒಬ್ಬರು ಮಾಡಬೇಕಾದುದನ್ನು ಮತ್ತೊಬ್ಬರು ಮಾಡುವಂತಿಲ್ಲ. ಅವರವರಿಗೆ ಅವರವರದೇ ಪಾಸ್‌ವರ್ಡ್. ಒಂದು ಗಾಡಿ ಬಂದರೂ, ಸಂತೆಯ ದಿನದಂತೆ ಸಾಲುಗಟ್ಟಿ ಬಂದರೂ ಅದಕ್ಕೆ ಗಾಬರಿಯಿಲ್ಲ.

ತರಬೇತಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಅದರ ನೆನಪು. ಕರೆಂಟು ಹೋಗಲಿ, ದೇವದುರ್ಗದ ಲೈನು ಕಡಿಯಲಿ, ಯಂತ್ರವೇ ನಿಂತು ಮತ್ತೆ ಏಳಲಿ; ಯಾವ ಗಾಡಿ ಯಾವ ಹಂತದಲ್ಲಿತ್ತೋ ಅಲ್ಲಿಯೇ ಇರುತ್ತಿತ್ತು. ಯಾರಾದರೂ ಬಂದು ತಮ್ಮ ನಿರ್ಧಾರ ಹೇಳುವವರೆಗೆ ಅದು ಕಾಯುತ್ತಿತ್ತು. ಇಷ್ಟು ನಂಬಿಕೆಗೆ ಅರ್ಹವಾದುದೊಂದನ್ನು ನೋಡಿಕೊಳ್ಳುವ ಹೊಣೆ ನನ್ನದೆಂದು ನನಗೆ ಹೆಮ್ಮೆಯಿತ್ತು. ಒಂದು ಭಾನುವಾರ ಊರಿಗೆ ಹೋದಾಗ ರೊಟ್ಟಿ ಬಡಿಯುತ್ತಿದ್ದ ಅವ್ವ ವಿಚಾರಿಸಿದಳು:

“ಮಷೀನು ಕೆಟ್ರ ನಿನ್ನ ಬೈತಾರೇನು?”

“ಕೆಡದಂಗ ನೋಡ್ಕೊಳ್ಳೂದ ನನ್ನ ಕೆಲಸ ಯವ್ವಾ.”

“ಹಂಗಾರ ಕೆಡಲಾರದ ದಿನ ಏನ್ ಮಾಡ್ತಿ?”

“ಕೆಡತದೇನೋ ಅಂತ ಕಾಯ್ಕೊಂತ ಕುಂದಿರ್ತೀನಿ.”

“ಅಯ್ಯ, ನಾನೂ ಜೀವನಪೂರ್ತಿ ಅದನ್ನ ಮಾಡೀನಿ. ನನಗ್ಯಾರೂ ಡಿಗ್ರಿ ಕೊಡ್ಲಿಲ್ಲ ನೋಡು!”

ಹಂಗಾಮು ಚೆನ್ನಾಗಿಯೇ ಆರಂಭವಾಯಿತು. ನಡುವೆ ಬಂಗಾಳ ಕೊಲ್ಲಿಯ ಕಡೆ ಎಲ್ಲೋ ಗಾಳಿ ಎದ್ದು, ನಮ್ಮಲ್ಲಿ ಮೋಡ ಕವಿದು, ಬೀಳುವುದೋ ಬೇಡವೋ ಎಂಬಂತೆ ಮಳೆ ಹಿಡಿಯಿತು. ಸುರಿದು ಹೋಗುವ ಮಳೆಯಾಗಿದ್ದರೆ ಎರಡು ದಿನಗಳಲ್ಲಿ ಮರೆತುಬಿಡಬಹುದಿತ್ತು. ಇದು ಹಾಗಲ್ಲ. ಬೆಳಗ್ಗೆ ತುಸು, ಸಂಜೆ ತುಸು, ನಡುವೆ ಬೆವರು ಬರುವಷ್ಟು ಬಿಸಿಲು. ಎರೆ ಹೊಲಗಳಲ್ಲಿ ಕಾಲಿಟ್ಟರೆ ಮಣ್ಣು ಚಪ್ಪಲಿಯನ್ನೇ ಬಿಡಿಸಿಕೊಳ್ಳುತ್ತಿತ್ತು. ಒಡೆದ ಕಾಯಿಗಳಲ್ಲಿ ಹತ್ತಿ ನೀರು ಕುಡಿದು ಜೋತುಬಿದ್ದಿತ್ತು. ಬಿಟ್ಟರೆ ಕಪ್ಪಾಗುತ್ತದೆಂದು ಜನ ಹಸಿಯನ್ನೇ ಬಿಡಿಸಿ ಗಾಡಿಗೆ ತುಂಬುತ್ತಿದ್ದರು.

ನಮ್ಮ ವ್ಯವಸ್ಥಾಪಕರು ಶ್ರೀನಿವಾಸಾಚಾರ್ಯರು. ಕಚೇರಿಯಲ್ಲಿ ಎಲ್ಲರಿಗೂ ಆಚಾರ್ ಸರ್. ಏರುದನಿಯಲ್ಲಿ ಮಾತನಾಡಿದ್ದನ್ನು ಯಾರೂ ಕೇಳಿರದಂಥ ಸಜ್ಜನರು. ಅವರ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಪರದೆಯಿತ್ತು. ಯಾವುದೇ ಗಾಡಿ ಒಂದು ಹಂತದಲ್ಲಿ ಬಹಳ ಹೊತ್ತು ನಿಂತರೆ ಅದರ ಸಾಲು ಅಲ್ಲಿ ಕೆಂಪಾಗುತ್ತಿತ್ತು. ಒಂದು ಬೆಳಗ್ಗೆ ಅವರು ನನ್ನನ್ನು ಕರೆಸಿದರು.

“ಸರ್ವರ್ ನಿಂತದೇನಮ್ಮಾ? ದೇವದುರ್ಗದ್ದು ನೋಡು, ಓಕುಳಿ ಆಡಿದಂಗ ಆಗೇದ.”

ನಾನು ಗಾಬರಿಯಿಂದ ಎಲ್ಲವನ್ನೂ ಪರಿಶೀಲಿಸಿದೆ. ಏನೂ ನಿಂತಿರಲಿಲ್ಲ. ಹಿಂತಿರುಗಿ ಬಂದು ಹೇಳಿದೆ:

“ಸರ್ವರ್ ಸರಿ ಅದರೀ ಸರ್. ದೇವದುರ್ಗದಾಗ ಗಾಡಿ ಒಳಗ ಬರಾಕತ್ತಾವ, ತೇವ ನೋಡಾಕತ್ತಾರ, ಆಮ್ಯಾಲ ಸ್ವೀಕಾರನೂ ಒತ್ತವಲ್ರು, ವಾಪಸ್ಸೂ ಒತ್ತವಲ್ರು.”

ಆಚಾರ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. “ನಿನ್ನ ಮನಸ್ಸಿನ್ಯಾಗ ಇಟ್ಕೋ ಇದನ್ನ. ಮುಂದಿನ ಹಂಗಾಮಿಗೆ ಮಾಲಕರು ಎರಡರಾಗ ಒಂದ ಕೇಂದ್ರ ಇಡೋರಿದ್ದಾರ. ಮಾನ್ವಿನೋ ದೇವದುರ್ಗನೋ, ಈ ಪರದೆ ನೋಡೇ ತೀರ್ಮಾನ. ನೀ ಒಮ್ಮೆ ಹೋಗಿ ಬಾ.”

ಹಾಗೆ ನಾನು ದೇವದುರ್ಗದ ಬಸ್ಸು ಹತ್ತಿದೆ. ಕಲ್ಮಲ ದಾಟಿ, ನನ್ನದೇ ಊರಾದ ಗಬ್ಬೂರನ್ನು ಇಳಿಯದೆ ದಾಟಿ ಹೋದೆ. ಊರಿನವರು ಯಾರಾದರೂ ಕಿಟಕಿಯಲ್ಲಿ ಗುರುತಿಸಿ ಕರೆದಾರೆಂದು ಸೆರಗಿನಂತೆ ದುಪಟ್ಟಾವನ್ನು ತಲೆಗೆ ಎಳೆದುಕೊಂಡಿದ್ದೆ. ಕಂಪನಿಯ ಕೆಲಸದ ಮೇಲೆ ಹೋಗುವವಳು ನಡುವೆ ಮನೆಗೆ ಹೋದಳೆಂಬ ಮಾತು ಬರಬಾರದೆಂಬ ಅಂಜಿಕೆ.

ಕೇಂದ್ರದ ಗೇಟಿನಲ್ಲಿ ಕಾವಲಿಗಿದ್ದವರು ಮೆಹಬೂಬ್ ಚಾಚಾ. ಗಾಡಿಯ ನಂಬರು ದಾಖಲಿಸುವ ಮೊದಲ ಹಂತ ಅವರದೇ. ಪಾಸ್‌ವರ್ಡನ್ನು ಅವರು ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಹೇಳಿಕೊಂಡು ಒತ್ತುತ್ತಿದ್ದರು.

“ಚಾಚಾ, ಹಂಗ ಒದರಬಾರದ್ರಿ. ಅದು ಗುಟ್ಟು.”

“ಇಲ್ಲಿ ಕದಿಯೋರು ಯಾರಿದ್ದಾರ ಮೇಡಂ? ಎಲ್ಲಾ ನಮ್ಮೋರ. ನಾಳಿ ನಾ ಮರತ್ರ ಅವರ ಹೇಳಬೇಕಲ್ಲರೀ ನನಗ!”

ಒಳಗೆ ಹೋದರೆ ಕಾಲಿಡಲು ಜಾಗವಿರಲಿಲ್ಲ. ಅಂಗಳದ ತುಂಬ ತಾಡಪತ್ರಿಗಳು, ಅವುಗಳ ಮೇಲೆ ಹರವಿದ ಹತ್ತಿ. ಹೆಣ್ಣುಮಕ್ಕಳು ಸಾಲಾಗಿ ಬಾಗಿ ಅದನ್ನು ಕೈಯಿಂದ ಮೇಲೆ ಕೆಳಗೆ ಮಾಡುತ್ತಿದ್ದರು. ಬೇವಿನ ಮರದ ಕೆಳಗೆ ರೈತರು ಚಹ ಕುಡಿಯುತ್ತ, ಮೋಡ ನೋಡುತ್ತ ಕುಳಿತಿದ್ದರು. ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಮಾತನಾಡುತ್ತಿದ್ದವರು ಶರಣಮ್ಮ. ಹತ್ತಿ ಆರಿಸುವ ಕೂಲಿಗೆ ಬಂದು, ಬರುಬರುತ್ತ ತೇವದ ಪರೀಕ್ಷೆಯ ಹೊಣೆ ಹೊತ್ತವರು, ಐವತ್ತರ ಆಸುಪಾಸು. ಸ್ವೀಕಾರ ಮತ್ತು ವಾಪಸ್ ಎಂಬ ಎರಡು ಗುಂಡಿಗಳು ಆ ಕೇಂದ್ರದಲ್ಲಿ ಅವರ ಪಾಸ್‌ವರ್ಡಿಗೆ ಮಾತ್ರ ತೆರೆಯುತ್ತಿದ್ದವು.

ಅವರಾಗ ಒಬ್ಬ ರೈತನ ಗಾಡಿ ನೋಡುತ್ತಿದ್ದರು. “ಏನಪಾ, ಹತ್ತಿ ತಂದಿಯೋ ಹೊಳಿ ತಂದಿಯೋ? ಹಿಂಡಿದ್ರ ಕೊಡ ತುಂಬತದ!”

“ಮಳಿ ನನ್ನ ಕೇಳಿ ಬರ್ತದೇನಕ್ಕಾ?”

“ಬಾಯಿಗೇನ್ ಬರಗಾಲ ಇಲ್ಲ ನಿನಗ. ಆ ಗಿಡದಾಚಿ ಜಾಗಾ ಅದ, ಹರವು ಹೋಗು.”

ನಾನು ನನ್ನ ಪರಿಚಯ ಹೇಳಿಕೊಂಡು, ಬಸ್ಸಿನಲ್ಲಿ ಸಿದ್ಧಪಡಿಸಿಕೊಂಡಿದ್ದ ಮಾತನ್ನು ಒಪ್ಪಿಸಿದೆ. “ಅಕ್ಕಾ, ಹಸಿ ಇದ್ರ ವಾಪಸ್ ಒತ್ತಬೇಕಲ್ರಿ. ಆ ಗುಂಡಿ ಇರೂದ ಅದಕ್ಕ.”

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನೀ ಯಾವೂರಾಕಿ ತಂಗಿ?”

“ಗಬ್ಬೂರು.”

“ಗಬ್ಬೂರಾಗ ತುಂಬಿದ ಗಾಡಿ ಬಾಗಲಿಗೆ ಬಂದ್ರ ತಿರಿಗಿ ಕಳಸ್ತಾರೇನು?”

ಕಳಿಸುವುದಿಲ್ಲ. ಅದು ನನಗೆ ಗೊತ್ತಿರದ ಸಂಗತಿಯಲ್ಲ. ನಮ್ಮ ಕಡೆ ಬೆಳೆ ತುಂಬಿದ ಬಂಡಿ ಯಾರ ಬಾಗಿಲಿಗೆ ಬಂದರೂ ಅದು ಲಕ್ಷ್ಮೀ. ಬೇಡವಾದರೂ ಒಳಗೆ ಕರೆದು, ನೀರು ಕೊಟ್ಟು, ಒಂದು ಹಿಡಿಯಷ್ಟನ್ನಾದರೂ ಇಳಿಸಿಕೊಳ್ಳದೆ ಹೊರಳಿಸುವಂತಿಲ್ಲ. ಆದರೂ ನಾನು ನನ್ನ ಪದವಿಗೆ ತಕ್ಕ ಉತ್ತರವನ್ನೇ ಕೊಟ್ಟೆ.

“ಆದ್ರ ಇದು ಕಂಪನಿ ಅಕ್ಕಾ.”

“ಕಂಪನಿಗೆ ಬಾಗಲಾ ಇಲ್ಲೇನು? ಲಕ್ಷ್ಮೀಗೆ ಹೋಗು ಅಂತ ನನ್ನ ಕೈಲೆ ಒತ್ತಸ್ತೀರಲ್ಲ. ನಾ ಒತ್ತಾಕಿ ಅಲ್ಲ. ಹಂಗಂತ ಹಸಿ ಹತ್ತಿ ತಗೊಳಾಕ ನಾ ಹುಚ್ಚೀನೂ ಅಲ್ಲ. ಒಣಗಲಿ, ತಗೋತೀನಿ.”

“ಅಲ್ಲೀತನ ಸರ್ವರ್ ಕಾಯಬೇಕಾಗ್ತದ.”

“ಕಾಯ್ಲಿ ಬಿಡು. ಅದಕ್ಕೇನ್ ಹಸಿವೋ ನೀರಡಿಕಿಯೋ?”

ಹತ್ತಿ ತಿರುವುತ್ತಿದ್ದ ಹೆಣ್ಣುಮಕ್ಕಳು ಬಾಗಿದಲ್ಲೇ ನಕ್ಕರು. ನಾನೂ ನಕ್ಕೆ, ನಗಬಾರದಿತ್ತೇನೋ ಎಂದು ಆಮೇಲೆ ಅನಿಸಿತು.

ಶರಣಮ್ಮನವರು ಮಾಡಿದ್ದೆಲ್ಲ ಸರಿಯೆಂದು ನಾನು ವಾದಿಸಲಾರೆ. ಒಣಗಿದ ಹತ್ತಿಯ ಮೇಲೆ ಮತ್ತೆ ಹನಿ ಬಿದ್ದು ಮಾಡಿದ ಕೆಲಸವೆಲ್ಲ ವ್ಯರ್ಥವಾಗುತ್ತಿತ್ತು. ಜಾಗಕ್ಕಾಗಿ ರೈತರ ನಡುವೆ ಮಾತಿಗೆ ಮಾತು ಬೆಳೆಯುತ್ತಿತ್ತು. ಮಾನ್ವಿಯಿಂದ ವಾಪಸ್ಸಾದ ಗಾಡಿಗಳೂ ಸುದ್ದಿ ಕೇಳಿ ಇಲ್ಲಿಗೇ ಬರತೊಡಗಿದವು. ಮಾನ್ವಿಯಲ್ಲಿ ಬೆರಳೊಂದು ಮುಗಿಸುತ್ತಿದ್ದ ಕೆಲಸಕ್ಕೆ ಇಲ್ಲಿ ಇಡೀ ಅಂಗಳದ ಸೊಂಟ ಬಾಗುತ್ತಿತ್ತು. ಆದರೆ ಕೊನೆಗೆ ಮಿಲ್ಲಿಗೆ ಬರುತ್ತಿದ್ದ ಹತ್ತಿ ಒಣಗಿಯೇ ಬರುತ್ತಿತ್ತು, ಮತ್ತು ಆ ಹೆಣ್ಣುಮಕ್ಕಳಿಗೆ ಮಳೆಯಲ್ಲಿಯೂ ಕೂಲಿ ಸಿಗುತ್ತಿತ್ತು. ಪರದೆಗೆ ಇವೆರಡೂ ಕಾಣುತ್ತಿರಲಿಲ್ಲ. ಅದಕ್ಕೆ ಕಾಣುತ್ತಿದ್ದುದು ಕಾಯುತ್ತಿರುವ ಗಾಡಿ ಮಾತ್ರ.

ನನಗೊಂದು ಉಪಾಯ ಹೊಳೆಯಿತು. ತೇವದ ಪರೀಕ್ಷೆಗೂ ನಿರ್ಧಾರಕ್ಕೂ ನಡುವೆ ‘ಒಣಗಿಸುವಿಕೆ’ ಎಂಬ ಹೊಸ ಹಂತವೊಂದನ್ನು ಸೇರಿಸಿದರೆ, ಅಂಗಳದಲ್ಲಿ ಹರವಿದ ಹತ್ತಿ ತಡವೆಂದು ಕೆಂಪಾಗದೆ, ನಡೆಯುತ್ತಿರುವ ಕೆಲಸವೆಂದು ಕಾಣುತ್ತದೆ. ತಂತ್ರಾಂಶದಲ್ಲಿ ಅದು ಕಷ್ಟದ ಕೆಲಸವಲ್ಲ. ಶರಣಮ್ಮನವರಿಗೆ ಹೇಳಿದಾಗ ಅವರು, “ಹಂಗಾರ ನಾ ಮಾಡೂದಕ್ಕ ಒಂದು ಹೆಸರು ಕೊಡ್ತೀ ಅನ್ನು. ಕೊಡವ್ವಾ, ಪುಣ್ಯ ಬರ್ತದ,” ಎಂದರು. ಮುಂದಿನ ಹಂಗಾಮಿಗೆ ಒಂದೇ ಕೇಂದ್ರ ಉಳಿಯುವ ವಿಷಯ ನನ್ನ ನಾಲಿಗೆಯ ತುದಿಯಲ್ಲಿತ್ತು. ಮನಸ್ಸಿನಲ್ಲೇ ಇಟ್ಟುಕೊಳ್ಳೆಂದು ಆಚಾರ್ ಸರ್ ಹೇಳಿದ ಮಾತು, ಇಟ್ಟುಕೊಂಡೆ.

ಇಂಥ ಬದಲಾವಣೆಗೂ ಅದೇ ಸರ್ವರಿನಲ್ಲಿ ಒಂದು ದಾರಿಯಿತ್ತು. ನಾನು ಮನವಿ ಸಲ್ಲಿಸಬೇಕು. ಅದು ಆಚಾರ್ ಸರ್ ಅವರ ಮುಂದೆ ಹೋಗಿ ನಿಲ್ಲುತ್ತದೆ. ಅವರು ಒಪ್ಪಿಗೆ ಅಥವಾ ವಾಪಸ್ ಒತ್ತಬೇಕು. ಎರಡು ದಿನ ಕುಳಿತು, ವಾಕ್ಯಗಳನ್ನು ತಿದ್ದಿ ತೀಡಿ ಮನವಿ ಬರೆದು ಕಳಿಸಿದೆ. ವಾರ ಕಳೆದರೂ ಉತ್ತರವಿಲ್ಲದಾಗ ಕೋಣೆಯ ಬಾಗಿಲಲ್ಲಿ ನಿಂತೆ.

“ಸರ್, ಆ ಹೊಸ ಹಂತದ್ದು…”

“ಓದೀನಮ್ಮಾ. ಭಾಳ ಚಂದ ಬರದಿ.”

“ಒಪ್ಪಿಗಿ ಕೊಟ್ರ ಒಂದ ದಿನದಾಗ ಮಾಡ್ತೀನಿ ಸರ್.”

“ನೋಡೋಣಂತ.”

ಅವರ ಕಷ್ಟ ನನಗೆ ಅರ್ಥವಾಗದೆ ಇರಲಿಲ್ಲ. ಒಪ್ಪಿದರೆ ಮಾಲಕರಿಗೆ ಉತ್ತರ ಹೇಳಬೇಕು. ಒಂದು ಕೇಂದ್ರಕ್ಕೆ ಒಂದು ದಾರಿಯಾದರೆ ಮೂರನ್ನೂ ಒಂದೇ ಅಚ್ಚಿನಲ್ಲಿ ತಂದುದರ ಉದ್ದೇಶವೇ ಕೆಡುತ್ತದೆ. ವಾಪಸ್ ಒತ್ತಿದರೆ ಮರುದಿನ ನನ್ನ ಮುಖ ನೋಡಬೇಕು. ಅವರು ಒಳ್ಳೆಯವರು, ಎರಡನ್ನೂ ಮಾಡಲಿಲ್ಲ. ನನ್ನ ಮನವಿ ಅವರ ಅಂಗಳದಲ್ಲಿ ಹರವಿಕೊಂಡು ಬಿದ್ದಿತು.

ಆ ದಿನಗಳಲ್ಲಿ ರಾಯಚೂರಿನಲ್ಲಿ ಕರೆಂಟು ಬಹಳ ಸಲ ಹೋಯಿತು. ಒಮ್ಮೆ ಸರ್ವರ್ ಪೂರ್ತಿ ನಿಂತು ಮತ್ತೆ ಎದ್ದಿತು. ಪ್ರತಿ ಬಾರಿಯೂ ನಾನು ಮೊದಲು ಹುಡುಕುತ್ತಿದ್ದುದು ಆ ಮನವಿಯನ್ನು. ಪ್ರತಿ ಬಾರಿಯೂ ಅದು ಒಂದಕ್ಷರವೂ ಕೆಡದೆ, ಅದೇ ಹಂತದಲ್ಲಿ, ‘ನಿರ್ಧಾರಕ್ಕಾಗಿ ಕಾಯುತ್ತಿದೆ’ ಎಂದು ನಿಂತಿರುತ್ತಿತ್ತು. ಎಲ್ಲಿಯಾದರೂ ಕಳೆದುಹೋಗಿದ್ದರೆ ಮತ್ತೆ ಬರೆದು ಕಳಿಸುವ ನೆಪವಾದರೂ ಸಿಗುತ್ತಿತ್ತು. ಕಳೆದುಹೋಗದಂತೆ ಕಾಯುವುದೇ ನನ್ನ ಕೆಲಸವಾಗಿತ್ತಲ್ಲ, ಕಾದೆ.

“ಬಂತೇನವ್ವಾ ನಿನ್ನ ಹೊಸಾ ಹಂತ?” ಎಂದು ಶರಣಮ್ಮ ಆಗಾಗ ಫೋನು ಮಾಡುತ್ತಿದ್ದರು.

“ಸರ್ ನೋಡ್ತೀನಿ ಅಂದಾರಕ್ಕಾ.”

“ಹೌದೇನು, ಹಂಗಾರ ಆಗ್ತದ ಬಿಡು,” ಎನ್ನುತ್ತಿದ್ದರು. ಬಹುಶಃ ಇಬ್ಬರಿಗೂ ಆ ಮಾತಿನ ಅರ್ಥ ಗೊತ್ತಿತ್ತು.

ಮೋಡ ಚದುರಿತು. ಹತ್ತಿ ಗಿಡದಲ್ಲಿಯೇ ಒಣಗಿ ಬರತೊಡಗಿತು. ಅಂಗಳದ ತಾಡಪತ್ರಿಗಳನ್ನು ಮಡಚಿಟ್ಟರು. ಕೆಂಪು ಸಾಲುಗಳು ಒಂದೊಂದಾಗಿ ಹಸಿರಾದವು. ಆದರೆ ನೋಡಬೇಕಾದ ಮಾಲಕರು ಅಷ್ಟರಲ್ಲಿ ನೋಡಿ ಆಗಿತ್ತು. ಶಿವರಾತ್ರಿ ಕಳೆದು ಬಿಸಿಲು ಬಲಿತಾಗ ಕೊನೆಯ ಗಾಡಿ ಇಳಿಸಿ ಕೇಂದ್ರಕ್ಕೆ ಬೀಗ ಹಾಕಿದರು. ಹಂಗಾಮಿನ ಕೊನೆಯ ಸಭೆಗೆ ಶರಣಮ್ಮನವರನ್ನೂ ರಾಯಚೂರಿಗೆ ಕರೆಸಿದ್ದರು. ಹೊಸ ಸೀರೆ ಉಟ್ಟು, ಎಲ್ಲರಿಗೂ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದರು. ಅವರು ನೇರವಾಗಿಯೇ ಕೇಳಿದರು:

“ಸಾಹೇಬ್ರ, ಮುಂದಿನ ವರ್ಷಕ್ಕ ನಮ್ಮ ಅಂಗಳಕ್ಕ ಒಂದು ತಗಡಿನ ಶೆಡ್ಡು ಹಾಕಿಸಿ ಕೊಡ್ರಿ. ಮಳಿ ಬಂದ್ರೂ ಚಿಂತಿ ಇರೂದಿಲ್ಲ.”

ಆಚಾರ್ ಸರ್ ಹೋಳಿಗೆಯ ತುಣುಕನ್ನು ಕೈಯಲ್ಲಿ ಹಿಡಿದೇ, “ನೋಡೋಣಂತ ಶರಣಮ್ಮಾ,” ಎಂದರು.

ಬೇಸಿಗೆ ಹೋಯಿತು, ಮುಂಗಾರು ಹೋಯಿತು. ದಸರೆಯ ಹೊತ್ತಿಗೆ ಹೊಸ ಹಂಗಾಮಿಗೆ ಸರ್ವರ್ ಅಣಿಗೊಳಿಸುವ ಸಮಯ ಬಂದಾಗ ಆಚಾರ್ ಸರ್ ನನ್ನ ಮೇಜಿನ ಬಳಿಗೆ ತಾವೇ ಬಂದರು.

“ರಾಯಚೂರು, ಮಾನ್ವಿ, ಎರಡ ಚಾಲೂ ಮಾಡು.”

“ದೇವದುರ್ಗ, ಸರ್?”

“ಅಳಸಬ್ಯಾಡ. ಆ ಮಂದೀದು ಪಾಸ್‌ವರ್ಡ್ ಅಷ್ಟ ಬಂದ್ ಮಾಡಿ ಇಡು.”

“ಅವರಿಗೆ ತಿಳಸಬೇಕಲ್ರಿ?”

“ತಿಳಸೋಣಂತ. ಹಬ್ಬದಾಗ ಯಾಕ ಮನಸ್ಸು ನೋಯಿಸೂದು ಪಾಪ.”

ನಾನು ಹೇಳಿದಂತೆ ಮಾಡಿದೆ. ಶರಣಮ್ಮನವರ ಹೆಸರಿನ ಮುಂದೆ ‘ಸ್ಥಗಿತ’ ಎಂದು ಮೂಡಿತು. ಹಬ್ಬ ಬಂದು ಹೋಯಿತು. ದೀಪಾವಳಿಯೂ ಹೋಯಿತು. ಮಾನ್ವಿಗೆ ಗಾಡಿಗಳು ಬರತೊಡಗಿದವು. ಒಂದು ಮಧ್ಯಾಹ್ನ, ಊಟದ ಡಬ್ಬಿ ತೆರೆಯುವ ಹೊತ್ತಿಗೆ, ಶರಣಮ್ಮನವರ ಫೋನು ಬಂದಿತು.

“ತಂಗಿ, ಈ ಸಲ ಭಾಳ ತಡಾ ಮಾಡಾಕತ್ತಾರಲ್ಲ. ಯಾವಾಗ ಚಾಲೂ ಅಂತ? ಹೆಣ್ಮಕ್ಕಳು ದಿನಾ ಬಂದು ಕೇಳ್ತಾರ.”

ನನ್ನ ಅಭ್ಯಾಸದಂತೆ ವಾಕ್ಯಗಳನ್ನು ಮನಸ್ಸಿನಲ್ಲಿ ಆಡಿ ನೋಡಿದೆ. ಇನ್ನೂ ನಿರ್ಧಾರವಾಗಿಲ್ಲ. ವಿಚಾರಿಸಿ ತಿಳಿಸುತ್ತೇನೆ. ಸರ್ ನೋಡುತ್ತಿದ್ದಾರೆ. ಎಲ್ಲವೂ ದೋಷವಿಲ್ಲದ ವಾಕ್ಯಗಳು. ನಿಜವನ್ನು ಹೇಳುವ ಅಧಿಕಾರ ನನಗಿರಲಿಲ್ಲ. ಹೇಳಿದ್ದು ತಿಳಿದರೆ ನನ್ನ ಕೆಲಸಕ್ಕೇ ಕುತ್ತು ಬರಬಹುದಿತ್ತು.

“ಇಲ್ಲಕ್ಕಾ,” ಎಂದೆ. “ದೇವದುರ್ಗದ್ದು ಚಾಲೂ ಆಗೂದಿಲ್ಲ.”

“ಈ ವಾರ ಆಗೂದಿಲ್ಲೇನು?”

“ಇನ್ನ ಆಗೂದಾ ಇಲ್ಲ. ಬಂದ್ ಮಾಡ್ಯಾರ.”

ಆ ಕಡೆ ಯಾರದೋ ಮನೆಯ ಕುಕ್ಕರು ಕೂಗಿದ್ದು ಕೇಳಿಸಿತು.

“ಯಾವಾಗ ಮಾಡಿದ್ರು?”

“ದಸರಾದಾಗ.”

“ದಸರಾದಾಗ,” ಎಂದು ಅವರು ಇನ್ನೊಮ್ಮೆ ಹೇಳಿಕೊಂಡರು. “ದಸರಾ ಮುಗದ ಮ್ಯಾಲ ಬೀಜದ ಗೋದಾಮದವರು ಮನೀತನಾ ಬಂದು ಕೆಲಸಕ್ಕ ಕರದ್ರು ತಂಗಿ. ನಮ್ಮ ಹತ್ತಿ ಕೇಂದ್ರ ಚಾಲೂ ಆಗ್ತದ, ಬರೂದಿಲ್ಲ ಅಂದೆ. ನೋಡೋಣ ಅಂತನೂ ಅನಲಿಲ್ಲ ನೋಡು. ಒಮ್ಮಿಗೇ ಇಲ್ಲ ಅಂದುಬಿಟ್ಟೆ.”

ನಾನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದೆ. ಅವರೇ ಮಾತು ಮುಂದುವರಿಸಿದರು.

“ಇರ್ಲಿ. ನೀ ಆದ್ರೂ ಹೇಳಿದಿ. ಇನ್ನ ಬ್ಯಾರೆ ಕಡೆ ಕೇಳ್ಕೊಂತೀನಿ. ಒಂದ್ ಉಪಕಾರ ಮಾಡು, ಮೆಹಬೂಬಗೂ ನೀನ ಹೇಳಿಬಿಡು. ನನ್ನ ಕೈಲೆ ಆಗೂದಿಲ್ಲ. ಅಂವ ಇವತ್ತಲ್ಲ ನಾಳಿ ತೆಗೀತಾರಂತ ದಿನಾ ಹೋಗಿ ಗೇಟಿನ ಮುಂದ ಕಸಾ ಹೊಡಿಯಾಕತ್ತಾನ.”

ಡಬ್ಬಿಯ ಮುಚ್ಚಳ ಹಾಕಿ, ಚಾಚಾ ಅವರ ನಂಬರು ಒತ್ತಿದೆ. ಅವರು ಬೇಗನೆ ಎತ್ತಿದರು. ಕಿವಿಗೆ ಮೊದಲು ಬಿದ್ದದ್ದು ಕಲ್ಲಿನ ಮೇಲೆ ಕಸಬರಿಗೆ ಎಳೆಯುವ ಸದ್ದು. ನನ್ನ ದನಿ ಕೇಳಿದೊಡನೆ ಅದು ನಿಂತಿತು.

“ಸಲಾಂ ಮೇಡಂ! ನಾಳಿಂದ ಚಾಲೂ ಏನ್ರಿ?”

“ಇಲ್ಲ ಚಾಚಾ,” ಎಂದೆ.